ಬಗ್ಗಿದ ಚಾಸಿ ಬೆಂಕಿ ತೋರಿಸದೆ ನೆಟ್ಟಗಾಯ್ತು: ನನ್ನ 66ರ ಮೂತಿ ಲಾರಿ ಅನುಭವ

ಆಕ್ಸಿಡೆಂಟಲ್ಲಿ ಚಾಸಿ, ಅಂದ್ರೆ ಇಡೀ ಲಾರಿ ಹೊತ್ತಿರೋ ಅಡಿಯ ಕಬ್ಬಿಣದ ಚೌಕಟ್ಟು, ಬಗ್ಗಿದ ಮೇಲೆ ಲಾರಿ ಕಥೆ ಮುಗೀತು, ಮುಂದಿನ ನಾಲ್ಕಡಿ ಕಟ್ ಮಾಡಿ ಬೇರೆ ಗಾಡಿದು ಜಾಯಿಂಟ್ ಹಾಕು, ಇಲ್ಲಾಂದ್ರೆ ಗ್ಯಾಸಲ್ಲಿ ಕಾಯಿಸಿ ಎಳಿ, ತಣ್ಣಗಿದ್ದಾಗ ಎಳೆದ್ರೆ ಸೀಳಿ ಹೋಗುತ್ತೆ ಅಂತ ಒಬ್ಬರಲ್ಲ, ಐದಾರು ಜನ ಹೇಳಿದ್ರು. ಅದ್ರಲ್ಲಿ ಮೂರು ಜನ ನನಗಿಂತ ಹಿರಿಯ ಮೇಸ್ತ್ರಿಗಳು, ಅವರ ಕೈಕೆಳಗೆ ನಾನು ಸ್ಪ್ಯಾನರ್ ಹಿಡಿದಿದ್ದೆ. ಈಗ ಅದೇ ಚಾಸಿ ಮೇಲೆ ಗಾಡಿ ನಿಂತಿದೆ, ಎಡಕ್ಕೆ ಎಳೆಯಲ್ಲ, ಬ್ರೇಕ್ ಹಿಡಿದ್ರೆ ಗೀಟು ಎಳೆದಂಗೆ ನೆಟ್ಟಗೆ ನಿಲ್ಲುತ್ತೆ. ಅದಕ್ಕೇ ಬರೀತಿದೀನಿ.

ಗಾಡಿ ಟಾಟಾ ಮರ್ಸಿಡಿಸ್ ಬೆಂಜ್ 1210, ಎಂಜಿನ್ ಕ್ಯಾಬಿನ್ ಮುಂದೆ ಚಾಚಿರೋ ಮೂತಿ ಲಾರಿ. 1210 ಅಂದ್ರೆ ಹನ್ನೆರಡು ಟನ್ನು, ನೂರು ಎಚ್‌ಪಿ. 1966ರ ಮಾಡೆಲ್. ಟೆಲ್ಕೋದವರು (ಈಗಿನ ಟಾಟಾ ಮೋಟರ್ಸ್) 1954ರಲ್ಲಿ ಜರ್ಮನಿ ಕಂಪನಿ ಜೊತೆ 15 ವರ್ಷದ ಒಪ್ಪಂದ ಮಾಡ್ಕೊಂಡಿದ್ರಲ್ಲ, 69ಕ್ಕೆ ಅದು ಮುಗಿದು ಮೂತಿ ಮೇಲಿನ ನಕ್ಷತ್ರ ಹೋಗಿ ಟಿ ಅಕ್ಷರ ಬಂತು, ಇದು ನಕ್ಷತ್ರದ ಕಾಲದ್ದು. ಎಂ.ವೈ. ಅಂತ ಶುರುವಾಗೋ ಹಳೇ ಮೈಸೂರು ರಾಜ್ಯದ ನಂಬರ್. ಕಡೂರು ಕಡೆ ಒಂದು ಅಕ್ಕಿ ಗಿರಣಿ ಹಿಂದೆ 15 ವರ್ಷ ಮಳೆ ಬಿಸಿಲಲ್ಲಿ ನಿಂತಿತ್ತು, ಎಂಜಿನ್ ಜಾಮ್, ಕ್ಯಾಬಿನ್ ಮರ ಎಲ್ಲ ಗೆದ್ದಲು. 2018ರಲ್ಲಿ ಗುಜರಿ ರೇಟಿಗೇ ಮಾತಾಡಿ ಒಂದು ಲಕ್ಷ ನಲವತ್ತು ಸಾವಿರಕ್ಕೆ ತಂದೆ. ನಮ್ಮಪ್ಪ ತಿಪಟೂರು ಮಂಡಿಯಿಂದ ಕೊಬ್ಬರಿ ಲೋಡು ಹೊಡೀತಿದ್ದಿದ್ದು ಇಂಥದೇ ಗಾಡೀಲಿ, ನಾನು ಗೇರ್ ಹಾಕೋದು ಕಲಿತಿದ್ದೂ ಇಂಥದ್ರಲ್ಲೇ, ಹಂಗಾಗಿ ಬೇರೆ ಮಾಡೆಲ್ ಕಡೆ ನಾನು ತಿರುಗಿ ನೋಡ್ಲಿಲ್ಲ.

ಎಂಜಿನ್ ಕೆಲಸ ಬೇಗ ಹೇಳಿ ಮುಗಿಸ್ತೀನಿ, ನಿಮಗೆಲ್ಲ ಗೊತ್ತಿರೋದೇ. ಓಎಂ 312, ಆರು ಸಿಲಿಂಡರ್, ನಾಲ್ಕೂವರೆ ಲೀಟರ್ ಮೇಲೆ ಸ್ವಲ್ಪ. ಡೀಸೆಲ್ ಅರ್ಧ, ಪವರ್ ಸ್ಟೇರಿಂಗಿಗೆ ಹಾಕೋ ಕೆಂಪು ಆಯಿಲ್ ಅರ್ಧ ಬೆರೆಸಿ ಎಲ್ಲಾ ಬೋರಿಗೂ ಬಿಟ್ಟು ಎರಡು ವಾರ ಸುಮ್ಮನಿದ್ದೆ, ನಾಲ್ಕು ಪಿಸ್ಟನ್ ತಾನಾಗೇ ಬಿಟ್ಕೊಂಡ್ವು, ಮೂರನೇದು ಮತ್ತೆ ಐದನೇದನ್ನ ಮರದ ತುಂಡಿಟ್ಟು ಕೆಳಗಿಂದ ಹೊಡೆದು ತೆಗೀಬೇಕಾಯ್ತು. ಸ್ಲೀವು, ರಿಂಗು, ಬೇರಿಂಗು, ಡೀಸೆಲ್ ಹೊಡೆಯೋ ಮೈಕೋ ಪಂಪ್ ಸರ್ವಿಸ್, ಆರು ಹೀಟರ್ ಪ್ಲಗ್, ಎಲ್ಲ ಸೇರಿ ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸು. ಲಾಕ್‌ಡೌನ್ ಮುಗಿದ ಮೇಲೆ 2020ರ ಕೊನೇಲಿ ಸ್ಟಾರ್ಟ್ ಆಯ್ತು. ಕ್ಯಾಬಿನ್ ಮರ ಹೊನ್ನೇದು ಹಾಕಿಸಿದೆ, ಹಳೇ ಕಾಲದಲ್ಲಿ ಮರದ ಫ್ರೇಮಿಗೆ ತಗಡು ಹೊಡೀತಿದ್ರಲ್ಲ ಹಂಗೇ, ಅದೊಂದು ಲಕ್ಷದ ಮೇಲೆ ಹೋಯ್ತು. ಟೈರು, ಬ್ರೇಕು, ವೈರಿಂಗು ಇನ್ನೊಂದು ಲಕ್ಷ ಚಿಲ್ಲರೆ. ಅಲ್ಲಿಗೆ ಐದು ಲಕ್ಷ ದಾಟಿತ್ತು.

ಮಧ್ಯೆ ಬೆಲ್ಲದಲ್ಲಿ ತುಕ್ಕು ತೆಗೆದ ವಿಷಯ ಹೇಳ್ಬೇಕು. ಬಾನೆಟ್ ಕೀಲು, ಗ್ರಿಲ್ ಪಟ್ಟಿ, ಸಣ್ಣಪುಟ್ಟ ಬ್ರಾಕೆಟ್ ಇವನ್ನೆಲ್ಲ ಗ್ರೈಂಡರ್ ಹಾಕಿ ಉಜ್ಜಿದ್ರೆ ಲೋಹಾನೇ ತೆಳ್ಳಗಾಗುತ್ತೆ. ಮಂಡ್ಯ ಕಡೆ ಆಲೆಮನೆಯಿಂದ ಕೆಟ್ಟ ಬೆಲ್ಲ ನಾಲ್ಕು ಡಬ್ಬ ತರಿಸಿ, ಒಂದು ಪಾಲು ಬೆಲ್ಲಕ್ಕೆ ಒಂಬತ್ತು ಪಾಲು ನೀರು, ಡ್ರಮ್ಮಲ್ಲಿ ಮುಳುಗಿಸಿ ಮೂರು ವಾರ ಬಿಟ್ಟೆ. ವಾಸನೆ ತಡೆಯಕ್ಕಾಗಲ್ಲ, ನೊಣ ಮುತ್ತುತ್ತೆ, ಪಕ್ಕದ ಮನೆಯವರು ಬಂದು ಕೇಳಿದ್ರು. ಆದ್ರೆ ತುಕ್ಕು ಪೂರ್ತಿ ಬಿಟ್ಟು ಹಳೇ ನಂಬರ್ ಪಂಚ್ ಕೂಡ ಓದೋ ಹಂಗೆ ಬಂತು. ತೊಳೆದ ತಕ್ಷಣ ಒಣಗಿಸಿ ಪ್ರೈಮರ್ ಹೊಡೀಬೇಕು, ಒಂದು ಗಂಟೆ ಬಿಟ್ರೆ ಮತ್ತೆ ಕೆಂಪಗಾಗುತ್ತೆ. ಅಲ್ಯೂಮಿನಿಯಂ ಬೀಡಿಂಗ್ ಒಂದು ಗೊತ್ತಿಲ್ಲದೆ ಡ್ರಮ್ಮಿಗೆ ಬಿದ್ದು ತೂತು ತೂತಾಯ್ತು, ಅದನ್ನ ಮಾತ್ರ ಹಾಕ್ಬೇಡಿ. ಎರಡು ತಗಡು ಮಡಚಿ ಸೇರಿಸಿರೋ ಪೀಸನ್ನೂ ಹಾಕ್ಬೇಡಿ, ಒಳಗಿಂದ ತಿಂಗಳುಗಟ್ಲೆ ನೀರು ಒಸರ್ತಾ ಇರುತ್ತೆ. ತುಕ್ಕು ಹಿಡೀದಿರ್ಲಿ ಅಂತ ಚಾಸಿ ಒಳಗೆ ಕೊಬ್ಬರಿ ಎಣ್ಣೆ ಬಳಿದೂ ನೋಡಿದೆ, ನಮ್ಮೂರಲ್ಲಿ ಅದಕ್ಕೇನು ಬರ. ಚಳಿಗೆ ಗಟ್ಟಿಯಾಗಿ ಧೂಳೆಲ್ಲ ಅಂಟ್ಕೊಳ್ತು, ಇಲಿ ಬಂದು ವೈರ್ ಕಡಿದ್ವು. ಈಗ ಗ್ರೀಸು ಡೀಸೆಲ್ಲೇ.

2022ರ ಜನವರೀಲಿ ಪೇಂಟಿಂಗ್ ಶೆಡ್ಡಿಗೆ ಟ್ರ್ಯಾಕ್ಟರ್ ಕಟ್ಟಿ ಎಳ್ಕೊಂಡು ಹೋಗ್ತಿದ್ವಿ, ಬಿ.ಎಚ್. ರೋಡಲ್ಲಿ, ಕೋನೇಹಳ್ಳಿ ಹತ್ರ. ಅಡ್ಡ ರೋಡಿಂದ ಜಲ್ಲಿ ಟಿಪ್ಪರ್ ಬಂದು ಎಡಗಡೆ ಮೂತಿಗೆ ಬಾರಿಸಿತು. ಸ್ಟೇರಿಂಗಲ್ಲಿ ನಾನೇ ಇದ್ದೆ, ಮೊಣಕಾಲು ಊದಿದ್ದು ಬಿಟ್ರೆ ಏನೂ ಆಗ್ಲಿಲ್ಲ, ದೇವರು ದೊಡ್ಡವನು. ಇಳಿದು ನೋಡಿದ್ರೆ ಎಡ ಮಡ್‌ಗಾರ್ಡ್ ಮುದ್ದೆ, ರೇಡಿಯೇಟರ್ ಸೀಳಿದೆ, ಮುಂದಿನ ಆಕ್ಸಲ್ ಹಿಂದಕ್ಕೆ ಸರಿದಿದೆ, ಸ್ಪ್ರಿಂಗ್ ಸೆಂಟರ್ ಬೋಲ್ಟ್ ಕಟ್, ಸ್ಪ್ರಿಂಗನ್ನ ಚಾಸಿಗೆ ಹಿಡಿಯೋ ಹ್ಯಾಂಗರ್ ಬ್ರಾಕೆಟ್ ಎರಡು ತುಂಡು, ಚಾಸಿ ಎಡಗಡೆ ಚಾನೆಲ್ (ಉದ್ದಕ್ಕೆ ಹೋಗೋ ಸಿ ಆಕಾರದ ಪಟ್ಟಿ) ಒಳಕ್ಕೆ ತಿರುಚಿಕೊಂಡಿದೆ. ನಾಲ್ಕು ವರ್ಷದ ಕೆಲಸ, ರೋಡ್ ಪಕ್ಕ ಕೂತು ಅತ್ತಿದ್ದೀನಿ, ಅದ್ರಲ್ಲಿ ನಾಚಿಕೆ ಏನಿಲ್ಲ. ಇನ್ಶೂರೆನ್ಸ್ ಅನ್ನೋದೇ ಇರ್ಲಿಲ್ಲ. ಟಿಪ್ಪರ್ ಓನರ್ ಪಂಚಾಯ್ತಿ ಮಾಡಿ ನಲವತ್ತು ಸಾವಿರ ಕೊಟ್ರು, ಅಷ್ಟೇ. ಅಪ್ಪ ಸಂಜೆ ಬಂದು ಸುತ್ತ ಒಂದು ಸಲ ನೋಡಿ, "ಬಿಟ್ಬಿಡೋ ಮಗ, ಗುಜರಿಗೆ ಹಾಕು, ನನ್ ಕೈಲಿ ನೋಡಕ್ಕಾಗಲ್ಲ" ಅಂದ್ರು. ಎರಡು ತಿಂಗಳು ಟಾರ್ಪಲ್ ಹೊದಿಸಿ ಇಟ್ಟಿದ್ದೆ.

ಮೊದಲು ತಪ್ಪು ಮಾಡಿದ್ದು ದೊಡ್ಡ ವರ್ಕ್‌ಶಾಪಿಗೆ ಕೊಟ್ಟಿದ್ದು. ಹೆಸರು ಬೇಡ. ತಣ್ಣಗೇ ಎಳೀಬೇಕು ಅಂತ ಮಾತಾಗಿತ್ತು, ನಾನು ಮಾರನೇ ದಿನ ಹೋಗೋ ಹೊತ್ತಿಗೆ ಚಾನೆಲ್ ಮೇಲಿನ ಫ್ಲ್ಯಾಂಜಿಗೆ, ಅಂದ್ರೆ ಮಡಚಿದ ಅಂಚಿಗೆ, ಗ್ಯಾಸ್ ಹಿಡಿದು ಕೆಂಪಗೆ ಮಾಡಿ ಸುತ್ತಿಗೇಲಿ ಹೊಡೀತಿದ್ರು, ಕಾಯಿಸಿದ ಜಾಗ ಸುಕ್ಕುಗಟ್ಟಿತ್ತು. ಚಾನೆಲ್ ಗಟ್ಟಿತನ ಇರೋದೇ ಅದನ್ನ ಕಾಯಿಸದೆ ಇದ್ರೆ, ಒಂದು ಸಲ ಕೆಂಪಗಾಯ್ತು ಅಂದ್ರೆ ಆ ಜಾಗ ಮೆತ್ತಗಾಗಿ ಮುಂದೆ ಲೋಡಲ್ಲಿ ಅಲ್ಲೇ ಬಗ್ಗುತ್ತೆ. ಹದಿನೆಂಟು ಸಾವಿರ ಕೊಟ್ಟು ಗಾಡಿ ವಾಪಸ್ ಎಳ್ಕೊಂಡು ಬಂದೆ. ಆ ಜಾಗಕ್ಕೆ ಒಳಗಡೆ ಪ್ಲೇಟ್ ಕೊಟ್ಟು ಬಲ ಮಾಡಿದೀನಿ.

ಎರಡನೇ ತಪ್ಪು ನಂದೇ. ತೋಟದ ಹುಣಸೆ ಮರಕ್ಕೆ ಚೈನ್ ಬ್ಲಾಕ್ ಕಟ್ಟಿ ಎಳೆದೆ. ಮರ ಅಲ್ಲಾಡ್ಲಿಲ್ಲ, ಕೊಕ್ಕೆ ಬಾಯಿ ಬಿಟ್ಟು ಚೈನ್ ಹಾರಿ ಶೆಡ್ ಗೋಡೆಗೆ ಹೊಡೀತು, ಎರಡು ಇಟ್ಟಿಗೆ ಒಳಗೆ ಹೋದ್ವು. ಹುಡುಗ ಒಂದು ಮಾರು ದೂರ ಇದ್ದ. ಅವತ್ತಿಂದ ಎಳೆಯೋ ಚೈನ್ ಮೇಲೆ ಒದ್ದೆ ಗೋಣಿಚೀಲ ಹಾಕದೆ ಯಾರನ್ನೂ ಹತ್ರ ಬಿಡಲ್ಲ, ಮತ್ತೆ ಎಳೆಯೋದಕ್ಕಿಂತ ಜಾಕಲ್ಲಿ ತಳ್ಳೋದೇ ವಾಸಿ ಅಂತ ತೀರ್ಮಾನ ಮಾಡಿದೆ.

ಆಮೇಲೆ ಮಾಡಿದ್ದು ಇದು. 200 ಎಂಎಂ ಎತ್ತರದ ಐ ಬೀಮ್ (ಐ ಆಕಾರದ ಕಬ್ಬಿಣದ ತೊಲೆ) ಎರಡು, ಆರಾರು ಮೀಟರ್, ಸುಮಾರು ಇಪ್ಪತ್ತೆರಡು ಸಾವಿರಕ್ಕೆ ತಂದು ನೆಲದ ಮೇಲೆ ಚೌಕಟ್ಟು ಮಾಡಿ, ಲಾರಿ ಚಾಸೀನ ಬರೀ ಮಾಡಿ, ನಡುವೆ ಮತ್ತೆ ಹಿಂದೆ ಕ್ಲಾಂಪ್ ಹಾಕಿ ಕೂರಿಸಿದೆ. ಗಾರೆಯವರ ತೂಕದ ಗುಂಡು ಇಳಿಬಿಟ್ಟು ಹದಿನಾರು ಪಾಯಿಂಟ್ ನೆಲದ ಮೇಲೆ ಗುರುತು ಹಾಕಿ ಮೂಲೆಯಿಂದ ಮೂಲೆಗೆ ಅಳೆದೆ. ಎಡ ಬಲ ಕರ್ಣದ ಅಳತೆಗೆ 31 ಎಂಎಂ ವ್ಯತ್ಯಾಸ. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ದೂರ) ಎಡಗಡೆ 28 ಎಂಎಂ ಕಮ್ಮಿ. ದಿನಾ ಬೆಳಿಗ್ಗೆ ಏಳು ಗಂಟೆಗೇ ಅಳೀತಿದ್ದೆ, ಮಧ್ಯಾಹ್ನ ತಗಡಿನ ಶೆಡ್ಡಿನ ಕಾವಿಗೆ ಕಬ್ಬಿಣ ಬೆಳೆದು ಅರ್ಧ ಮುಕ್ಕಾಲು ಎಂಎಂ ಸುಳ್ಳು ಹೇಳುತ್ತೆ.

ಐವತ್ತು ಟನ್ ಬಾಟಲ್ ಜಾಕ್ ಒಂದು, ಇಪ್ಪತ್ತರದ್ದು ಎರಡು. ಮುಖ್ಯ ಏನಂದ್ರೆ ಬರೀ ಚಾನೆಲ್‌ಗೆ ಜಾಕ್ ಕೊಟ್ರೆ ಫ್ಲ್ಯಾಂಜ್ ಮಡಚಿಕೊಳ್ಳುತ್ತೆ, ಒಳಗೆ ಅಳತೆಗೆ ಸರಿಯಾಗಿ ಹೊನ್ನೆ ತುಂಡು ಬಿಗಿಯಾಗಿ ತುಂಬಿ, ಹೊರಗೆ ದಪ್ಪ ಪ್ಲೇಟ್ ಇಟ್ಟು ತಳ್ಬೇಕು. ಯಾವ ಬಾಗು ಕೊನೇಲಿ ಬಿತ್ತೋ ಅದನ್ನ ಮೊದಲು ಬಿಚ್ಚಬೇಕು, ನಾನು ಮೊದಲ ನಾಲ್ಕು ದಿನ ಉಲ್ಟಾ ಮಾಡಿ ಬಲಗಡೇನೂ ಎರಡು ಎಂಎಂ ಕೆಡಿಸಿದ್ದೆ. ಆಮೇಲೆ ದಿನಕ್ಕೆ ಹತ್ತು ಹನ್ನೆರಡು ಎಂಎಂ ತಳ್ಳೋದು, ಐದು ಕೇಜಿ ಸುತ್ತಿಗೇಲಿ ಬಾಗಿನ ಸುತ್ತ ಮೆಲ್ಲಗೆ ತಟ್ಟೋದು, ರಾತ್ರಿ ಪೂರ್ತಿ ಹಂಗೇ ಬಿಗಿಯಲ್ಲಿ ಬಿಡೋದು, ಬೆಳಿಗ್ಗೆ ಜಾಕ್ ಬಿಟ್ರೆ ಎಲ್ಲ ವಾಪಸ್ ಹೋಗಿ ಎರಡು ಎಂಎಂ ಉಳಿಯುತ್ತೆ. ಆ ಎರಡು ಎಂಎಂ ನಮ್ಮದು. ಕೆಲವು ದಿನ ಒಂದೂ ಉಳೀತಿರ್ಲಿಲ್ಲ. ಒಬ್ಬ ಮೇಸ್ತ್ರಿ ದಿನಾ ಟೀ ಕುಡಿಯಕ್ಕೆ ಬಂದು "ಇವತ್ತೆಷ್ಟಪ್ಪಾ ಬಂತು?" ಅಂತ ಕೇಳೋರು, ಹದಿಮೂರನೇ ದಿನ ಬಂದಾಗ ಅವರೇ ಟೇಪ್ ಹಿಡಿದು ಅಳೆದು ಸುಮ್ಮನಾದ್ರು. ಹದಿನೆಂಟು ದಿನಕ್ಕೆ ಕರ್ಣ ವ್ಯತ್ಯಾಸ 3 ಎಂಎಂಗೆ ಬಂತು. ಹ್ಯಾಂಗರ್ ಹತ್ರ ತಿರುಚು ಇತ್ತಲ್ಲ, ಅದು ಮರದ ತುಂಡಿಗೆ ಬಗ್ಗಲಿಲ್ಲ, ಅಲ್ಲಿಗೆ ಏನು ಪ್ಯಾಕಿಂಗ್ ಕೊಟ್ಟೆ, ಮೂರು ಜಾಕನ್ನ ಯಾವ ಕ್ರಮದಲ್ಲಿ ಬಿಟ್ಟೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಸೀಳಿದೆಯಾ ಅಂತ ನೋಡಕ್ಕೆ ಸೀಮೆಎಣ್ಣೆ ಬಳಿದು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ ರಾತ್ರಿ ಬಿಟ್ಟೆ. ಬಿರುಕಿದ್ರೆ ಎಣ್ಣೆ ಒಸರಿ ಗೆರೆ ಕಾಣುತ್ತೆ. ಬಾಗಿನ ಜಾಗದಲ್ಲಿ ಒಂದೂ ಗೆರೆ ಇರ್ಲಿಲ್ಲ. ಎರಡನೇ ಕ್ರಾಸ್ ಮೆಂಬರ್ (ಎಡ ಬಲ ಚಾನೆಲ್ ಸೇರಿಸೋ ಅಡ್ಡಪಟ್ಟಿ) ರಿವೆಟ್ ತೂತಿನ ಹತ್ರ ಒಂದು ಸಿಕ್ತು, ಅದು ಟಿಪ್ಪರ್ ಹೊಡೆದದ್ದಲ್ಲ, ಒಳಗೆಲ್ಲ ಹಳೇ ತುಕ್ಕಿತ್ತು. ಅಲ್ಲಾಡ್ತಿದ್ದ ರಿವೆಟ್ ಎಲ್ಲ ತೆಗೆದು ರೀಮರಲ್ಲಿ ತೂತು ಸಾಫ್ ಮಾಡಿ ಬಿಗಿಯಾಗಿ ಕೂರೋ ಫಿಟ್ ಬೋಲ್ಟ್ ಹಾಕಿದೆ.

ಆಕ್ಸಲ್ ವಿಷಯದಲ್ಲಿ ಮಾತ್ರ ನಾನು ಯಾವ ಪ್ರಯೋಗಾನೂ ಮಾಡ್ಲಿಲ್ಲ. ಪ್ರೆಸ್ಸಲ್ಲಿ ನೆಟ್ಟಗೆ ಮಾಡ್ಕೊಡ್ತೀವಿ ಅಂದೋರು ಇದ್ರು, ಬೇಡ ಅಂದೆ. ಬಗ್ಗಿದ ಮುಂದಿನ ಆಕ್ಸಲ್ ಮೇಲೆ ಮನುಷ್ಯ ಕೂರಬಾರದು. ನಾಮಕ್ಕಲ್ ಕಡೆ ಹಳೇ ಲಾರಿ ಒಡೆಯೋರ ಹತ್ರ ಒಳ್ಳೇದು ಸಿಕ್ತು, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗೋ ಕಿಂಗ್ ಪಿನ್ ಸೆಟ್ ಸೇರಿ ಸಾಗಿಸಿ ತರೋ ಹೊತ್ತಿಗೆ ಇಪ್ಪತ್ತಾರು ಸಾವಿರ.

ಹ್ಯಾಂಗರ್ ಬ್ರಾಕೆಟ್ ಎಲ್ಲೂ ಸಿಗ್ಲಿಲ್ಲ, ಬೆಂಗಳೂರು ಜೆ.ಸಿ. ರೋಡ್, ಕಲಾಸಿಪಾಳ್ಯ ಮೂರು ಸಲ ಅಲೆದೆ. ಕೊನೆಗೆ ಒಡೆದ ಎರಡು ತುಂಡು ಅಂಟಿಸಿ, ಅದನ್ನ ನೋಡಿ ನಮ್ಮ ಬಡಗಿ ಹತ್ರ ಹಲಸಿನ ಮರದ ಪ್ಯಾಟರ್ನ್ (ಎರಕ ಹೊಯ್ಯಕ್ಕೆ ಬೇಕಾದ ಮಾದರಿ) ಮಾಡಿಸಿ ಶಿವಮೊಗ್ಗದ ಫೌಂಡ್ರಿಗೆ ಕೊಟ್ಟೆ. ಮೊದಲ ಎರಕ ಚಿಕ್ಕದಾಗಿ ಬಂತು, ಬೋಲ್ಟ್ ತೂತು ಕೂರಲೇ ಇಲ್ಲ. ಕಬ್ಬಿಣ ಆರಿದ ಮೇಲೆ ನೂರಕ್ಕೆ ಒಂದರಷ್ಟು ಕುಗ್ಗುತ್ತೆ ಅನ್ನೋ ಲೆಕ್ಕ ಪ್ಯಾಟರ್ನಲ್ಲಿ ಸೇರಿಸಿರ್ಲಿಲ್ಲ. ನಾಲ್ಕೂವರೆ ಸಾವಿರ ನೀರಿಗೆ. ಎರಡನೇ ಸಲ ಎಸ್‌ಜಿ ಐರನ್‌ನಲ್ಲಿ (ಸುಲಭಕ್ಕೆ ಒಡೆಯದ ಜಾತಿ ಎರಕದ ಕಬ್ಬಿಣ) ಹೊಯ್ಯಿಸಿದೆ, ಹಳೇದಕ್ಕಿಂತ ಗಟ್ಟಿ.

ಮಡ್‌ಗಾರ್ಡು ಮಾತ್ರ ನಮ್ಮೂರ ಟಿಂಕರ್ ಸಾಬ್ರ ಕೈಚಳಕ, ಎಪ್ಪತ್ತು ದಾಟಿದೆ ಅವರಿಗೆ. 18 ಗೇಜ್ ಶೀಟು, ಹುಣಸೆ ಕೊರಡಲ್ಲಿ ಗುಳಿ ತೋಡಿ ಅದ್ರ ಮೇಲೆ ಮರದ ಸುತ್ತಿಗೇಲಿ ಬಡಿದು ಬಡಿದು ಹನ್ನೊಂದು ದಿನಕ್ಕೆ ಬಲಗಡೇದಕ್ಕೆ ಕನ್ನಡಿ ಹಿಡಿದಂಗೆ ಮಾಡ್ಕೊಟ್ರು. ಪುಟ್ಟಿ ಕಾಲು ಕೇಜಿನೂ ಹಿಡೀಲಿಲ್ಲ. ಟಿಂಕರಿಂಗು, ಪೇಂಟು, ರೇಡಿಯೇಟರು ಎಲ್ಲ ಸೇರಿ ಆಕ್ಸಿಡೆಂಟ್ ಖರ್ಚೇ ಎರಡು ಲಕ್ಷದ ಮೇಲೆ ಹೋಯ್ತು, ಗಾಡಿ ಒಟ್ಟು ಏಳು ಲಕ್ಷಕ್ಕೆ ಬಂದು ನಿಂತಿದೆ. ಮೂತಿಯ ನಕ್ಷತ್ರ ಬೇರೆ, ಗಿರಣಿಯವರು ಯಾವಾಗಲೋ ಮಾರಿದ್ರು, ಬೆಂಗಳೂರಲ್ಲಿ ಹಳೇ ಸಾಮಾನಿನವರ ಹತ್ರ ಒಂಬತ್ತು ಸಾವಿರ ಕೊಟ್ಟು ತಂದೆ. ಹೆಂಡತಿಗೆ ಆ ರೇಟು ಈಗ್ಲೇ ಗೊತ್ತಾಗೋದು.

ರೋಡ್ ಪೇಪರ್ ಕೆಲಸ ಇನ್ನೂ ಬಾಕಿ. 2021ರ ವಿಂಟೇಜ್ ರೂಲು, ವಿಎ ಸೀರೀಸಿನ ನಂಬರು, ಅದು ಐವತ್ತು ವರ್ಷ ದಾಟಿದ ಬೈಕು ಕಾರಿಗೆ ಮಾತ್ರ, ಲಾರಿ ಅದ್ರಲ್ಲಿ ಬರಲ್ಲ. ಈ ದೇಶದ ದವಸ ಧಾನ್ಯ ಹೊತ್ತಿದ್ದು ಲಾರಿಗಳು, ಅವಕ್ಕೂ ಒಂದು ದಾರಿ ಮಾಡ್ಬೇಕು ಅಂತ ನನ್ನ ಖಡಕ್ ಅಭಿಪ್ರಾಯ. ಅಲ್ಲಿವರೆಗೂ ಸ್ನೇಹಿತರ ಖಾಲಿ ಲೇಔಟಲ್ಲಿ ಓಡಿಸ್ತೀನಿ, ಮುನ್ನೂರು ಕಿಲೋಮೀಟರ್ ಆಗಿರಬಹುದು, ಎರಡು ಟನ್ ಮರಳು ಮೂಟೆ ಹಾಕಿ ಓಡಿಸಿ ಮತ್ತೆ ಕರ್ಣ ಅಳೆದೆ, ಅದೇ 3 ಎಂಎಂ. ಅಪ್ಪ ಹೋದ ಯುಗಾದಿಗೆ ಎರಡು ಸುತ್ತು ಹೊಡೆದ್ರು, ಎರಡನೇ ಗೇರ್ ಹಾಕುವಾಗ ಡಬಲ್ ಕ್ಲಚ್ (ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತೋದು) ಈಗ್ಲೂ ಕಾಲಿಗೆ ನೆನಪಿದೆ ಅವರಿಗೆ.

ಬ್ರೇಕ್ ಹಿಡಿದಾಗ ಎಡಗಡೆ ಡ್ರಮ್ಮಿಂದ ಸಣ್ಣ ಕಿರ್ ಶಬ್ದ ಬರುತ್ತೆ, ಲೈನಿಂಗ್ ಇನ್ನೊಂದು ಸಲ ತೆಗೀಬೇಕು. ಹ್ಯಾಂಗರ್ ಪ್ಯಾಟರ್ನ್ ನನ್ನ ಹತ್ರಾನೇ ಇದೆ, ದಾವಣಗೆರೆ ಕಡೆಯಿಂದ ಇಬ್ಬರು ಕೇಳಿದಾರೆ, ನಾಲ್ಕು ಪೀಸಿಗೆ ಆರ್ಡರ್ ಸೇರಿದ್ರೆ ಫೌಂಡ್ರಿಯವರು ಒಂದಕ್ಕೆ ಮೂರೂವರೆ ಸಾವಿರದಲ್ಲಿ ಹೊಯ್ದುಕೊಡ್ತೀವಿ ಅಂದಿದಾರೆ.