ಹೆಸರಾಂತರು ನುಡಿಸಿದ ಗಿಟಾರು, ಪೇಟಿ, ತಂಬೂರಿ: ಬೆಲೆ ಕಟ್ಟುವುದು, ಮಾರುವುದು

ಹೆಸರಾಂತ ಕಲಾವಿದರ ಕೈಯಲ್ಲಿದ್ದ ವಾದ್ಯ ಮನೆಯಲ್ಲಿದ್ದರೆ ಮೊದಲು ಅದನ್ನು ಹಾಗೇ ಬಿಡಿ. ಒರೆಸಬೇಡಿ, ತಂತಿ ಬದಲಿಸಬೇಡಿ, ಪಾಲಿಶ್ ಹಾಕಿಸಬೇಡಿ, ತುಕ್ಕು ಹಿಡಿದ ಸ್ಕ್ರೂ ತೆಗೆದು ಹೊಸದು ಕೂಡಿಸಬೇಡಿ. ಗೀರು, ಬೆವರಿನ ಕಲೆ, ಸಿಗರೇಟು ಸುಟ್ಟ ಗುರುತು ಇವೇ ಮುಂದೆ ನಿಮ್ಮ ಸಾಕ್ಷಿ. ಬೀಟಲ್ಸ್ ತಂಡದ ಜಾನ್ ಲೆನನ್ನರ ಗಿಬ್ಸನ್ ಜೆ-160ಇ ಗಿಟಾರು 1963ರಲ್ಲಿ ಕಳೆದುಹೋಗಿ, ದಶಕಗಳ ಕಾಲ ಯಾರದೆಂದು ಗೊತ್ತಿಲ್ಲದವರ ಮನೆಯಲ್ಲಿತ್ತು. ಅದರ ಗುರುತು ಹಿಡಿದದ್ದು ಸೀರಿಯಲ್ ನಂಬರಿನಿಂದ ಮತ್ತು ಹಳೆಯ ಫೋಟೋಗಳಲ್ಲಿ ಕಂಡ ಮರದ ಗೆರೆಗಳಿಂದ. 2015ರಲ್ಲಿ ಅದು 24 ಲಕ್ಷ ಡಾಲರಿಗೂ ಮೇಲೆ ಹೋಯಿತು. ಮೇಲ್ಮೈ ಉಜ್ಜಿ ಹೊಸ ಬಣ್ಣ ಹೊಡೆಸಿದ್ದರೆ ಆ ಗೆರೆಗಳನ್ನು ಹೋಲಿಸಿ ನೋಡಲು ಆಗುತ್ತಲೇ ಇರಲಿಲ್ಲ.

"ಇದು ಅವರದು" ಎಂದರೆ ಎಷ್ಟರಮಟ್ಟಿಗೆ ಅವರದು ಎಂಬುದನ್ನು ಮೊದಲು ತೀರ್ಮಾನಿಸಿ. ವೇದಿಕೆಯಲ್ಲಿ ಅಥವಾ ರೆಕಾರ್ಡಿಂಗಿನಲ್ಲಿ ನುಡಿಸಿದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಮನೆಯಲ್ಲಿ ಇಟ್ಟುಕೊಂಡು ಅಭ್ಯಾಸಕ್ಕೆ ಬಳಸಿದ್ದಕ್ಕೆ ಅದಕ್ಕಿಂತ ಕಡಿಮೆ. ಕಂಪನಿ ಪುಕ್ಕಟೆ ಕಳಿಸಿ, ಅವರು ಹೆಚ್ಚು ಮುಟ್ಟದೇ ಬಿಟ್ಟದ್ದಕ್ಕೆ ಇನ್ನೂ ಕಡಿಮೆ. ಅಂಗಡಿಯಿಂದ ತಂದ ಅಗ್ಗದ ಗಿಟಾರಿನ ಮೇಲೆ ಸಹಿ ಮಾತ್ರ ಇದ್ದರೆ ನೀವು ಮಾರುತ್ತಿರುವುದು ಸಹಿಯನ್ನು. ಅಮೆರಿಕದಲ್ಲಿರುವ ಮಕ್ಕಳು ಚಾರಿಟಿ ಹರಾಜಿನಲ್ಲಿ ಕೊಂಡು ಊರಿಗೆ ಕಳಿಸಿದ ಗಿಟಾರುಗಳು ಬಹುಪಾಲು ಈ ಕೊನೆಯ ಗುಂಪಿನವು. ಸಹಿಯನ್ನು ಪಿ.ಎಸ್.ಎ., ಜೆ.ಎಸ್.ಎ., ಬೆಕೆಟ್ ಇಂಥ ಪರಿಶೀಲನಾ ಸಂಸ್ಥೆಗಳಲ್ಲಿ ಒಂದಕ್ಕೆ ತೋರಿಸದೆ ಮಾರಲು ಹೊರಡಬೇಡಿ. ಮಾರ್ಕರಿನ ಸಹಿ ಬಿಸಿಲಿಗೆ ಮಾಸುತ್ತದೆ. ಮಾಸಿದ್ದರ ಮೇಲೆ ತಿದ್ದಿದರೆ ಇದ್ದ ಬೆಲೆಯೂ ಹೋಗುತ್ತದೆ. ಅದರ ಮೇಲೆ ವಾರ್ನಿಶ್ ಕೂಡ ಬಳಿಯಬಾರದು, ಶಾಯಿ ಕರಗಿ ಹರಡುತ್ತದೆ.

ಅಂತರ ಎಷ್ಟು ದೊಡ್ಡದೆಂದು ತಿಳಿಯಲು ನಿರ್ವಾಣ ತಂಡದ ಕರ್ಟ್ ಕೋಬೇನರ 1959ರ ಮಾರ್ಟಿನ್ ಡಿ-18ಇ ನೋಡಿ. ಅಂಥ ಗಿಟಾರು ಕಂಪನಿಯಿಂದ ಹೊರಬಂದದ್ದೇ 302. ಅವುಗಳಲ್ಲಿ ಇದೊಂದು ಮಾತ್ರ 2020ರಲ್ಲಿ 60 ಲಕ್ಷ ಡಾಲರ್ ದಾಟಿತು, ಏಕೆಂದರೆ 1993ರ ನವೆಂಬರಿನ ಎಂ.ಟಿ.ವಿ. ಕಾರ್ಯಕ್ರಮದಲ್ಲಿ ಅವರು ನುಡಿಸಿದ್ದನ್ನು ಜಗತ್ತೇ ನೋಡಿತ್ತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರರ ಕಪ್ಪು ಫೆಂಡರ್ ಸ್ಟ್ರಾಟ್‌ನಲ್ಲಿ ನೆಕ್ಕು, ಪಿಕಪ್ಪು, ಸ್ವಿಚ್ಚು ಎಲ್ಲವನ್ನೂ ಹಲವು ಸಲ ಬದಲಿಸಿದ್ದರು. ಸಾಮಾನ್ಯ ಹಳೆಯ ಗಿಟಾರಿಗೆ ಅಂಥ ಬದಲಾವಣೆ ದೊಡ್ಡ ಕುಂದು. ಆದರೆ ಕಲಾವಿದರೇ ಮಾಡಿಸಿದ್ದೆಂದು ದಾಖಲೆಯಿದ್ದುದರಿಂದ 2019ರಲ್ಲಿ ಹರಾಜು ಮನೆ ಕ್ರಿಸ್ಟೀಸ್‌ನಲ್ಲಿ ಅದಕ್ಕೆ 39.75 ಲಕ್ಷ ಡಾಲರ್ ಬಂತು. ಬದಲಾವಣೆಯನ್ನು ಯಾರು, ಯಾವಾಗ ಮಾಡಿದರು ಎಂಬುದೇ ಇಲ್ಲಿ ಮುಖ್ಯ.

ವಾದ್ಯದ ವಯಸ್ಸು ಗೊತ್ತುಮಾಡುವುದು

ಫೆಂಡರ್ ಗಿಟಾರಿನಲ್ಲಿ 1976ರ ಸುಮಾರಿನವರೆಗೆ ನಂಬರು ಹಿಂದಿನ ಲೋಹದ ಪಟ್ಟಿಯ ಮೇಲೆ, ಆಮೇಲೆ ತಲೆಯ ಮೇಲೆ. ಪಟ್ಟಿ ನಾಲ್ಕು ಸ್ಕ್ರೂ ಬಿಚ್ಚಿದರೆ ಬರುತ್ತದೆ, ಒಂದು ಗಿಟಾರಿನದು ಇನ್ನೊಂದಕ್ಕೆ ಸುಲಭವಾಗಿ ಕೂಡುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ. ವಾಲ್ಯೂಮ್, ಟೋನ್ ಗುಂಡಿಗಳ ಕೆಳಗೆ ಗಿಟಾರಿನ ಒಳಗಿರುವ ಪಾಟುಗಳ (ದನಿ ಏರಿಳಿಸುವ ಬಿಡಿಭಾಗಗಳ) ಬೆನ್ನ ಮೇಲೆ ಅಚ್ಚಾದ ಅಂಕಿ ಓದಿ. ಮೊದಲ ಮೂರು ತಯಾರಕರದು: 137 ಅಂದರೆ ಸಿ.ಟಿ.ಎಸ್., 304 ಅಂದರೆ ಸ್ಟ್ಯಾಕ್‌ಪೋಲ್. ಉಳಿದವು ವರ್ಷ ಮತ್ತು ವಾರ. 3046432 ಎಂದಿದ್ದರೆ 1964ರ 32ನೇ ವಾರ. ಅಂಥ ಪಾಟು ಮೂಲದ್ದೇ ಆಗಿದ್ದರೆ ಗಿಟಾರು ಆ ವಾರಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. 1963ರ ಕಾರ್ಯಕ್ರಮದ ಗಿಟಾರೆಂದು ಹೇಳುತ್ತ ಒಳಗೆ ಈ ಪಾಟು ಸಿಕ್ಕರೆ, ಒಂದೋ ಭಾಗ ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ಬೆಸುಗೆ ನೋಡಿದರೆ ಯಾವುದೆಂದು ತಿಳಿಯುತ್ತದೆ: ಹಳೆಯದು ಮಂಕಾಗಿ ಧೂಳು ಹಿಡಿದಿರುತ್ತದೆ, ಹೊಸದು ಹೊಳೆಯುತ್ತದೆ.

1977ರಿಂದ 2005ರವರೆಗಿನ ಹೆಚ್ಚಿನ ಗಿಬ್ಸನ್‌ಗಳಲ್ಲಿ ಎಂಟು ಅಂಕಿ. ಒಂದನೆಯದೂ ಐದನೆಯದೂ ಸೇರಿ ವರ್ಷ, ನಡುವಿನ ಮೂರು ಆ ವರ್ಷದ ಎಷ್ಟನೇ ದಿನ. 82765501 ಅಂದರೆ 1985ರ 276ನೇ ದಿನ, ಅಕ್ಟೋಬರ್ 3.

ಬಣ್ಣ ಪರೀಕ್ಷಿಸಲು ಕತ್ತಲೆ ಕೋಣೆಯಲ್ಲಿ ಯು.ವಿ. ಟಾರ್ಚು ಹಿಡಿಯಿರಿ. ಹಳೆಯ ನೈಟ್ರೋ ಲ್ಯಾಕರ್ (ಗಿಟಾರಿಗೆ ಬಳಿಯುವ ಒಂದು ಬಗೆಯ ಮೆರುಗೆಣ್ಣೆ) ಹಳದಿ-ಹಸಿರಾಗಿ ಮಿನುಗುತ್ತದೆ. ಆಮೇಲೆ ಬಳಿದ ಜಾಗ ಬೇರೆಯಾಗಿ, ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ. ಗಿಬ್ಸನ್‌ಗಳ ತಲೆ ಹಿಂದಕ್ಕೆ ಬಾಗಿದ್ದು, ಬಿದ್ದರೆ ಬೇಗ ಮುರಿಯುವುದರಿಂದ ಕುತ್ತಿಗೆ ಮುರಿದು ಅಂಟಿಸಿದ ಗೆರೆ ಇದೆಯೇ ಎಂದು ಅದೇ ಬೆಳಕಿನಲ್ಲಿ ಹುಡುಕಿ. ಅಂಥ ರಿಪೇರಿ ಸಾಮಾನ್ಯ ಗಿಟಾರಿನ ಬೆಲೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ.

ದಾಖಲೆ ಕಟ್ಟುವುದು

ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಕಲಾವಿದರಿಂದ ನಿಮ್ಮವರೆಗೆ ವಾದ್ಯ ಕೈಬದಲಾದ ಪ್ರತಿ ಹಂತಕ್ಕೂ ಒಂದು ಕಾಗದ ಬೇಕು: ರಸೀದಿ, ಪತ್ರ, ಕೊರಿಯರ್ ಚೀಟಿ, ತಾರೀಖಿರುವ ಫೋಟೋ. ಒಂದು ಹಂತ ಬಿಟ್ಟುಹೋದರೂ ಕೊಳ್ಳುವವರು ಅಲ್ಲೇ ನಿಲ್ಲುತ್ತಾರೆ. "ಅಪ್ಪ ಹೇಳುತ್ತಿದ್ದರು" ಎಂದು ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಪ್ರಮಾಣಪತ್ರಕ್ಕೆ ಒಂಟಿಯಾಗಿ ತೂಕ ಕಡಿಮೆ. ಆ ಕಾಲದ ಒಂದೇ ಒಂದು ಫೋಟೋ ಜೊತೆಗಿದ್ದರೂ ಅದರ ತೂಕ ಬಹಳ ಏರುತ್ತದೆ. ಮಾಲೀಕರು ತೀರಿಕೊಂಡಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ, ಎಲ್ಲ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹರಾಜಿನ ಹಿಂದಿನ ವಾರ ತಂಗಿಯೋ ಅಣ್ಣನೋ ತಕರಾರು ಎತ್ತಿದರೆ ವಾದ್ಯ ಪಟ್ಟಿಯಿಂದ ಹೊರಬೀಳುತ್ತದೆ.

ಫೋಟೋ ಹೋಲಿಸುವಾಗ ಮರದ ಗೆರೆ, ಗಂಟು, ಫ್ರೆಟ್ಟಿನ ಚುಕ್ಕಿಗಳ ಓರೆ, ಅಂಚಿನ ಚಕ್ಕೆ ಹೀಗೆ ಕನಿಷ್ಠ ಮೂರ್ನಾಲ್ಕು ಗುರುತು ಹೊಂದಬೇಕು. ಫೋಟೋದ ನಂತರ ಹೊಸ ಗೀರು ಬಿದ್ದಿರಬಹುದು, ಆದರೆ ಫೋಟೋದಲ್ಲಿದ್ದ ಗೀರು ವಾದ್ಯದಲ್ಲಿ ಮಾಯವಾಗಿರಬಾರದು. ನೆಗೆಟಿವ್ ತಿರುವಿ ಅಚ್ಚು ಹಾಕಿದ ಚಿತ್ರದಲ್ಲಿ ಬಲಗೈಯವರು ಎಡಗೈಯವರಂತೆ ಕಾಣುತ್ತಾರೆ; ಅಂಗಿಯ ಗುಂಡಿಯ ಬದಿ ನೋಡಿ ಖಚಿತ ಮಾಡಿಕೊಳ್ಳಿ. ಕಳುವಿನ ಮಾಲೇ ಎಂಬುದನ್ನೂ ಪರಿಶೀಲಿಸಲೇಬೇಕು. ಬೀಟಲ್ಸ್‌ನ ಪಾಲ್ ಮ್ಯಾಕಾರ್ಟ್ನಿಯವರ ಹಾಫ್ನರ್ ಬಾಸ್ ಗಿಟಾರು 1972ರಲ್ಲಿ ಕಳುವಾಗಿ, ಐವತ್ತು ವರ್ಷ ಕಳೆದ ಮೇಲೂ ಅವರಿಗೇ ಮರಳಿತು.

ನಮ್ಮ ಕಡೆಯ ವಾದ್ಯಗಳಿಗೂ ಇದೇ ರೀತಿ. ಹಿಂದೂಸ್ತಾನಿ ಗಾಯಕರ ತಂಬೂರಿ, ಬಂದೇನವಾಜ್ ಉರುಸಿನಲ್ಲಿ ಹಾಡಿದ ಕವ್ವಾಲರ ಪೇಟಿ (ಹಾರ್ಮೋನಿಯಂ), ಆರ್ಕೆಸ್ಟ್ರಾದ ಗಿಟಾರು ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ಇವೆ. ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಅಲ್ಲಿ ಹಾಡಿದವರಿಗೆ ಬಂದ ಕಾಂಟ್ರ್ಯಾಕ್ಟ್ ಪತ್ರ, ಜಾತ್ರೆಯ ಕರಪತ್ರ, ಪತ್ರಿಕೆಯ ತುಣುಕು ಗಟ್ಟಿ ದಾಖಲೆಗಳು. ತಂಬೂರಿಯಾದರೆ ಮಿರಜದ ತಯಾರಕರ ಚೀಟಿ ಒಳಗಿದೆಯೇ ನೋಡಿ. ಪೇಟಿಯಾದರೆ ಮೇಲಿನ ಹಲಗೆ ತೆಗೆದು ರೀಡುಗಳ ಮೇಲಿನ ಅಚ್ಚು ಓದಿ. ಪ್ಯಾರಿಸ್, ಜರ್ಮನ್ ರೀಡಿನ ಹಳೆಯ ಪೇಟಿಗೆ ಕಲಾವಿದರ ಹೆಸರಿಲ್ಲದೆಯೂ ಬೇಡಿಕೆಯಿದೆ.

ಇಲ್ಲಿ ಕಾನೂನಿನ ತೊಡಕು ಹೆಚ್ಚು. ಹಳೆಯ ತಂಬೂರಿ, ಸಿತಾರುಗಳಲ್ಲಿ ದಂತದ ಅಲಂಕಾರ, ಜಿಂಕೆ-ಕಡವೆ ಕೊಂಬಿನ ಘೋಡಿ (ತಂತಿ ಹೊರುವ ಬ್ರಿಜ್ಜು) ಇರುತ್ತದೆ. ಖಂಜರಿಯಾದರೆ ಉಡದ ಚರ್ಮ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇವುಗಳ ಮಾರಾಟ ಅಪರಾಧ. ಅನುಮಾನವಿದ್ದರೆ ಜಾಹೀರಾತು ಕೊಡುವ ಮುಂಚೆಯೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ನೂರು ವರ್ಷ ದಾಟಿದ ಕಲಾವಸ್ತು 1972ರದೇ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಬ್ರೆಜಿಲ್ ಬೀಟೆ ಮರದ ಹಳೆಯ ಗಿಟಾರು ಗಡಿ ದಾಟಲು ಸೈಟೀಸ್ (ಅಳಿವಿನಂಚಿನ ಪ್ರಾಣಿ-ಸಸ್ಯಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕೇ ಬೇಕು.

ಬೆಲೆ, ಮಾರಾಟ, ಸಾಗಣೆ

ಮೊದಲು ಹೆಸರನ್ನು ಮರೆತು ಬರೀ ವಾದ್ಯದ ಬೆಲೆ ತೆಗೆಯಿರಿ: ಅದೇ ಮಾದರಿ, ಅದೇ ವರ್ಷ, ಅದೇ ಸ್ಥಿತಿ. ಕೇಳುವ ಬೆಲೆ ಬಿಡಿ, ರಿವರ್ಬ್‌ನಂಥ ತಾಣಗಳಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಆಮೇಲೆ ಅದೇ ಕಲಾವಿದರ, ಅದೇ ದರ್ಜೆಯ ವಸ್ತು ಕಳೆದ ಐದು ವರ್ಷಗಳಲ್ಲಿ ಎಷ್ಟಕ್ಕೆ ಹೋಗಿದೆ ಎಂದು ಹುಡುಕಿ. ಹರಾಜು ಮನೆಗಳು ಪ್ರಕಟಿಸುವ ಮೊತ್ತದಲ್ಲಿ ಕೊಳ್ಳುವವರು ಹರಾಜು ಮನೆಗೆ ಮೇಲೆ ಕೊಡುವ ಪ್ರೀಮಿಯಮ್ಮೂ ಸೇರಿರುತ್ತದೆ ಎಂಬುದು ನೆನಪಿರಲಿ. ಉದಾಹರಣೆಗೆ ಸುತ್ತಿಗೆ ಬಿದ್ದದ್ದು (ಕೊನೆಯ ಕೂಗು) 10 ಲಕ್ಷಕ್ಕೆ, ಪ್ರೀಮಿಯಂ ಶೇ. 25 ಎಂದಿಟ್ಟುಕೊಳ್ಳಿ: ಪತ್ರಿಕೆಯಲ್ಲಿ ಬರುವುದು 12.5 ಲಕ್ಷ. ನಿಮ್ಮ ಕಮಿಷನ್ ಶೇ. 10, ಸಾಗಣೆ-ವಿಮೆ 60 ಸಾವಿರವಾದರೆ ಕೈಗೆ ಬರುವುದು 8.4 ಲಕ್ಷ, ಅದೂ ತೆರಿಗೆಗೆ ಮುಂಚೆ.

ರಾಕ್ ಕಲಾವಿದರ ವಾದ್ಯಕ್ಕೆ ಜೂಲಿಯೆನ್ಸ್, ಕ್ರಿಸ್ಟೀಸ್, ಬಾನಮ್ಸ್, ಹೆರಿಟೇಜ್ ಇವುಗಳಲ್ಲಿ ಎರಡಕ್ಕಾದರೂ ಫೋಟೋ ಸಮೇತ ಬರೆಯಿರಿ. ಆರಂಭದ ಅಂದಾಜು ಫೋಟೋ ನೋಡಿಯೇ ಹೇಳುತ್ತಾರೆ, ವಾದ್ಯ ಕಳಿಸುವ ಅಗತ್ಯವಿಲ್ಲ. ಅಂದಾಜು ಕಡಿಮೆಯೆನಿಸಿದರೂ ಗಾಬರಿಯಾಗಬೇಡಿ, ತಗ್ಗಿನ ಅಂದಾಜು ಹೆಚ್ಚು ಜನರನ್ನು ಎಳೆಯುತ್ತದೆ. ನಿಮ್ಮನ್ನು ಕಾಯುವುದು ಕನಿಷ್ಠ ಬೆಲೆಯ ಷರತ್ತು, ಅದನ್ನು ಬರಹದಲ್ಲಿ ಹಾಕಿಸಿ. ಮಾರಾಟವಾಗದಿದ್ದರೆ ಶುಲ್ಕವಿದೆಯೇ, ವಾಪಸು ಕಳಿಸುವ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ ಎಂಬ ಮೂರನ್ನೂ ಸಹಿಗೆ ಮುಂಚೆ ಕೇಳಿ. ಒಮ್ಮೆ ಹರಾಜಿನಲ್ಲಿ ಉಳಿದುಹೋದ ವಾದ್ಯವನ್ನು ಕೂಡಲೇ ಇನ್ನೊಂದು ಕಡೆ ಇಟ್ಟರೆ ಬೆಲೆ ಬೀಳುತ್ತದೆ.

ಸಾಗಣೆಗೆ ಏಪ್ರಿಲ್, ಮೇ ಬೇಡ. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಕಾರಿನ ಡಿಕ್ಕಿಯೊಳಗೆ ಅಂಟು ಮೆತ್ತಗಾಗಿ ಬ್ರಿಜ್ಜು ಏಳುತ್ತದೆ, ಒಣಗಾಳಿಗೆ ಮುಂಭಾಗದ ಹಲಗೆ ಸೀಳುತ್ತದೆ. ಗಿಟಾರಿಗೆ ಶೇ. 45ರಿಂದ 55ರ ತೇವಾಂಶ ಬೇಕು. ಕೇಸಿನಲ್ಲಿ ತೇವಾಂಶದ ಪೊಟ್ಟಣವನ್ನೂ ಸಣ್ಣ ಮೀಟರನ್ನೂ ಇಡಿ. ತಂತಿಯನ್ನು ಪೂರ್ತಿ ಬಿಚ್ಚದೆ ಒಂದೆರಡು ಸ್ವರ ಇಳಿಸಿ. ತಲೆಯ ಕೆಳಗೂ ಕುತ್ತಿಗೆಯ ಕೆಳಗೂ ಮೆತ್ತನೆ ಬಟ್ಟೆ ತುಂಬಿ, ಕೇಸನ್ನು ಎರಡು ಪದರದ ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಸಿ. ತಂಬೂರಿಯ ಕುಂಬಳದ ಬುರುಡೆಗೆ ಮರದ ಕ್ರೇಟೇ ಆಗಬೇಕು. ಮುಂಬೈಗೆ ರೈಲಿನಲ್ಲಿ ಒಯ್ಯುವುದಾದರೆ ಪಾರ್ಸಲ್ ಡಬ್ಬಿಗೆ ಹಾಕದೆ ಬರ್ತಿನ ಮೇಲೆ ನಿಮ್ಮ ಪಕ್ಕದಲ್ಲೇ ಇಟ್ಟುಕೊಳ್ಳಿ. ಮೂಲ ದಾಖಲೆಗಳನ್ನು ವಾದ್ಯದ ಜೊತೆ ಒಂದೇ ಪೆಟ್ಟಿಗೆಯಲ್ಲಿ ಕಳಿಸಬೇಡಿ. ಮೊದಲು ಸ್ಕ್ಯಾನ್ ಪ್ರತಿ ಸಾಕು. ಹಣ ಖಾತೆಗೆ ಬಿದ್ದ ಮೇಲೆ ಅಥವಾ ಹರಾಜು ಮನೆ ರಸೀದಿ ಕೊಟ್ಟ ಮೇಲೆ ಮೂಲ ಪ್ರತಿ ಬೇರೆ ಕೊರಿಯರಿನಲ್ಲಿ ಹೋಗಲಿ.