ಗ್ರೋಸರ್ ಕುರ್ಫ್ಯೂರ್ಸ್ಟ್ ನೌಕೆಯ ಕಡತಗಳನ್ನು ನಾನು ಓದಿದ ಬಗೆ

1878ರ ಮೇ 31ರಂದು ಇಂಗ್ಲೆಂಡಿನ ಫೋಕ್‌ಸ್ಟನ್ ಬಳಿ, ತನ್ನದೇ ದಳದ ಕ್ಯೋನಿಗ್ ವಿಲ್ಹೆಲ್ಮ್ ಹಡಗಿನ ಇರಿಮೂತಿ (ಶತ್ರು ಹಡಗನ್ನು ಇರಿಯಲು ಮುಂಭಾಗದಲ್ಲಿರುವ ಚೂಪು ಮೂತಿ) ತಾಗಿ ಮುಳುಗಿದ ಜರ್ಮನಿಯ ಕವಚನೌಕೆ ಗ್ರೋಸರ್ ಕುರ್ಫ್ಯೂರ್ಸ್ಟ್. ಅದರ ಚರಿತ್ರೆಯನ್ನು ಮೂಲ ಕಡತಗಳಿಂದಲೇ ಬರೆಯುತ್ತೇನೆ ಎಂದಾಗ ನನ್ನ ಜರ್ಮನ್ ಭಾಷಾಜ್ಞಾನ ಎಷ್ಟೆಂದು ಬಲ್ಲ ಗೆಳೆಯರು ಯಾರೂ ನಂಬಲಿಲ್ಲ. ಅಚ್ಚಾದ ಪುಸ್ತಕಗಳನ್ನು ನೆಚ್ಚಿಕೊಂಡರೆ ಸಾಕು ಎಂಬುದೇ ಎಲ್ಲರ ಸಲಹೆಯಾಗಿತ್ತು. ಸುಮಾರು ಆರು ವರ್ಷ ಹಿಡಿಯಿತು, ಆದರೆ ಓದಿದೆ.

ಮೊದಲ ನಷ್ಟವಾದದ್ದು ಹೆಸರಿನಿಂದ. ಇದೇ ಹೆಸರಿನ ಇನ್ನೊಂದು ಯುದ್ಧನೌಕೆ 1913ರಲ್ಲಿ ನೀರಿಗಿಳಿದು 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ತನ್ನವರಿಂದಲೇ ಮುಳುಗಿತು. ಅದೇ ಹೆಸರಿನ ಪ್ರಯಾಣಿಕರ ಹಡಗೂ ಒಂದಿತ್ತು. ಕಾಲಾವಧಿಯನ್ನು ನೋಡದೆ ನಾನು ಪ್ರತಿಗಳನ್ನು ತರಿಸಿದಾಗ ಬಂದದ್ದು ಮೊದಲ ಮಹಾಯುದ್ಧದ ಹಡಗಿನ ಕಾಗದಗಳು. ಹನ್ನೆರಡು ಸಾವಿರ ರೂಪಾಯಿಯಷ್ಟು ಹೋಯಿತು. ನಮಗೆ ಬೇಕಾದದ್ದು ಜರ್ಮನಿಯ ಫ್ರೈಬರ್ಗ್‌ನ ಸೇನಾ ಪತ್ರಾಗಾರದಲ್ಲಿ ಆರ್‌ಎಂ 1 ಎಂಬ ವಿಭಾಗ, ಅಂದರೆ ಷ್ಟೋಷ್ ಮುಖ್ಯಸ್ಥನಾಗಿದ್ದ ನೌಕಾ ಇಲಾಖೆಯ ಕಡತಗಳು. ಎರಡನೆಯ ನಷ್ಟ ಇದಕ್ಕಿಂತ ದೊಡ್ಡದು. ಹಳೆಯ ಕೈಬರಹ ಓದಿಕೊಡುವ ಒಬ್ಬರಿಗೆ ಮುನ್ನೂರು ಯೂರೋ ಕೊಟ್ಟೆ. ಚರ್ಚಿನ ದಾಖಲೆಗಳಲ್ಲಿ ಪಳಗಿದ್ದ ಅವರಿಗೆ ಹಡಗಿನ ಪದಗಳು ತಿಳಿಯದ ಕಾರಣ, ನಲವತ್ತು ಪುಟಗಳಲ್ಲಿ ನನಗೆ ಬೇಕಾಗಿದ್ದ ಕಡೆಯೇ ಖಾಲಿ ಜಾಗಗಳಿದ್ದವು.

ಕೊನೆಗೆ ಕೈ ಹಿಡಿದದ್ದು ಮೋಡಿ ಲಿಪಿಯ, ಅಂದರೆ ಮರಾಠಿಯ ಹಳೆಯ ಕೂಡುಬರಹದ, ಕಾಗದಗಳನ್ನು ಓದಿದ ಅಭ್ಯಾಸ. ಮೋಡಿಯಲ್ಲಿ ನಾವು ಮೊದಲು ಗೊತ್ತಿರುವ ಊರಿನ ಹೆಸರು, ಗೌಡರ ಹೆಸರು ಹುಡುಕಿ, ಅವುಗಳ ಅಕ್ಷರಗಳಿಂದ ಉಳಿದದ್ದನ್ನು ಬಿಡಿಸುತ್ತೇವೆ. ಹಾಗೆಯೇ ಅಚ್ಚಿನಲ್ಲಿರುವ ರೈಖ್‌ಸ್ಟಾಗ್ (ಜರ್ಮನ್ ಸಂಸತ್ತು) ಕಲಾಪಗಳಿಂದಲೂ ಆ ವರ್ಷದ ಪತ್ರಿಕೆಗಳಿಂದಲೂ ನಾನೂರೈವತ್ತು ಪದಗಳ ಪಟ್ಟಿ ಮಾಡಿದೆ: ಮುಳುಗಿದ ಹಡಗಿನ ಕಪ್ತಾನ ಮೋಂಟ್ಸ್, ದಳದ ಅಧಿಪತಿ ಬಾಟ್ಷ್, ಫಿರಂಗಿ ಗೋಪುರ, ಚುಕ್ಕಾಣಿ, ನೀರುತಡೆ ಬಾಗಿಲು. ಪ್ರತಿಯೊಂದನ್ನೂ ಸೀಳುನಿಬ್ಬಿನಿಂದ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯಲ್ಲಿ ಹತ್ತು ಹತ್ತು ಸಲ ಬರೆದೆ. ಓದುವ ಕಣ್ಣಿಗಿಂತ ಬರೆಯುವ ಕೈ ಬೇಗ ಕಲಿಯುತ್ತದೆ.

ಒಂದು ಪದವನ್ನಷ್ಟೇ ತೋರಿಸುತ್ತೇನೆ. ಬಲಬದಿ ಎಂಬ ಅರ್ಥದ ಷ್ಟೋಯರ್‌ಬೋರ್ಡ್ (Steuerbord) ಕುರೆಂಟ್‌ನಲ್ಲಿ ಬರೀ ಕಡ್ಡಿಗಳ ಬೇಲಿಯಂತೆ ಕಾಣುತ್ತದೆ, ಏಕೆಂದರೆ ಆ ಲಿಪಿಯ ಇ (e) ಅಕ್ಷರ ಥೇಟ್ ಎನ್‌ (n) ನಂತಿದೆ. ಆದರೆ ಸಾಲಾಗಿರುವ ಆರು ಕಡ್ಡಿಗಳಲ್ಲಿ ನಡುವಿನ ಎರಡರ ಮೇಲೆ ಬಿಲ್ಲಿನಂಥ ಗೀಟಿದ್ದರೆ ಅದು ಯು (u), ಆಚೀಚೆಯವು ಇ. ಈ ಗೀಟು ಕಂಡ ದಿನ ಒಂದೇ ಪುಟದಲ್ಲಿ ಆ ಪದ ಏಳು ಕಡೆ ಸಿಕ್ಕಿತು. ಅಡ್ಡ ಬಂದ ಹಾಯಿಹಡಗುಗಳನ್ನು ತಪ್ಪಿಸಲು ಹೋಗಿ ಆದ ಈ ಡಿಕ್ಕಿಯಲ್ಲಿ ಯಾರು ಯಾವ ಬದಿಗೆ ತಿರುಗಿದರು ಎಂಬುದೇ ಮುಖ್ಯ ಪ್ರಶ್ನೆ. ಆ ಕಾಲದ ನಾವಿಕ ರೂಢಿಯಲ್ಲಿ ಆದೇಶ ಹೇಳುತ್ತಿದ್ದುದು ಚುಕ್ಕಾಣಿಯ ಹಿಡಿಯ ದಿಕ್ಕನ್ನು. ಹಡಗು ತಿರುಗುತ್ತಿದ್ದುದು ಅದರ ವಿರುದ್ಧ ದಿಕ್ಕಿಗೆ. ಇದನ್ನು ಮರೆತರೆ ಸರಿಯಾಗಿ ಓದಿಯೂ ತಪ್ಪಾಗಿ ಬರೆಯುತ್ತೇವೆ.

ನಡುವೆ ಕೈಬರಹ ಓದುವ ತಂತ್ರಾಂಶಕ್ಕೂ ಇಪ್ಪತ್ತು ಪುಟ ಕೊಟ್ಟು ನೋಡಿದೆ. ಅಂಕಿಗಳು ಚೆನ್ನಾಗಿ ಬಂದವು, ಹೆಸರುಗಳು ಬರಲಿಲ್ಲ. ಕ್ಯೋನಿಗ್ ವಿಲ್ಹೆಲ್ಮ್ ತುರ್ಕರಿಗಾಗಿ ಲಂಡನ್ನಿನ ಥೇಮ್ಸ್ ಐರನ್‌ವರ್ಕ್ಸ್ ಎಂಬ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಆರಂಭವಾಗಿ ಆಗಿನ ಜರ್ಮನ್ ರಾಜ್ಯ ಪ್ರಷ್ಯ ಕೊಂಡ ಹಡಗಾದ್ದರಿಂದ, ಅದರ ಇರಿಮೂತಿಯ ನಕ್ಷೆಗಾಗಿ ಇಂಗ್ಲೆಂಡಿನ ದಾಖಲೆಗಳ ಹಿಂದೆಯೂ ಒಂದು ಬೇಸಿಗೆ ಕಳೆದೆ.

ಕಡತದೊಳಗೆ ಒಂದೇ ಗುಮಾಸ್ತನ ಕೈಬರಹವನ್ನು ಬೇರ್ಪಡಿಸುವ ನನ್ನ ಉಪಾಯವನ್ನು ನನ್ನ ಬರಹ ಅಚ್ಚಾಗುವವರೆಗೆ ಹೇಳಲಾರೆ. ಮೊದಲು ದಿನಕ್ಕೆ ಅರ್ಧ ಪುಟ ಓದುತ್ತಿದ್ದವನು ಈಗ ಹತ್ತು ಹನ್ನೆರಡು ಪುಟ ಓದುತ್ತೇನೆ. ಸತ್ತವರ ಸಂಖ್ಯೆಯನ್ನು ಒಂದು ಪುಸ್ತಕ 269 ಎಂದರೆ ಇನ್ನೊಂದು 284 ಎನ್ನುತ್ತದೆ. ಆ ಹೆಸರುಗಳನ್ನು ಒಂದೊಂದಾಗಿ ಎಣಿಸುವ ಕೆಲಸವನ್ನು ಕಳೆದ ತಿಂಗಳು ಹಿಡಿದಿದ್ದೇನೆ.