ನ್ಯಾಕ್‌ನ ಮೂರನೇ ಮಾನದಂಡ: ಸಂಶೋಧನಾ ದಾಖಲೆ ಸಿದ್ಧಪಡಿಸುವ ಬಗೆ

ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ 2017ರ ಚೌಕಟ್ಟಿನಲ್ಲಿ, ಐಐಕ್ಯೂಎ (ಮಾನ್ಯತೆಗೆ ಸಲ್ಲಿಸುವ ಮೊದಲ ಅರ್ಜಿ) ಅಂಗೀಕಾರವಾದ ಮೇಲೆ ಎಸ್‌ಎಸ್‌ಆರ್ (ಸಂಸ್ಥೆಯ ಸ್ವ-ಅಧ್ಯಯನ ವರದಿ) ಸಲ್ಲಿಸಲು ಸಿಗುವುದು 45 ದಿನ. ಕೇಳುವುದು ಐದು ವರ್ಷದ ಲೆಕ್ಕ. ಅಷ್ಟರಲ್ಲಿ ಹಳೆಯ ಲೇಖನ, ಮಂಜೂರಾತಿ ಪತ್ರ, ಫೋಟೊಗಳನ್ನು ಹುಡುಕಲು ಕೂತರೆ, ನಿಜವಾಗಿ ಮಾಡಿದ ಕೆಲಸಕ್ಕೂ ಅಂಕ ಬರುವುದಿಲ್ಲ. ಶಿವಮೊಗ್ಗ, ಶಂಕರಘಟ್ಟ, ಸಾಗರ, ತೀರ್ಥಹಳ್ಳಿ ಕಡೆಯ ಐಕ್ಯೂಎಸಿ (ಆಂತರಿಕ ಗುಣಮಟ್ಟ ಭರವಸೆ ಕೋಶ) ಸಂಯೋಜಕರು ಈ ಕೆಲಸವನ್ನು ವರ್ಷವಿಡೀ ಹಂಚಿಕೊಂಡು ಮಾಡಬೇಕು.

ಮೊದಲು ಅಂಕ ಎಲ್ಲಿದೆ ನೋಡಿ. 2017ರಲ್ಲಿ ಬಂದ ಚೌಕಟ್ಟಿನ ಪ್ರಕಾರ 1000 ಅಂಕಗಳಲ್ಲಿ ಸಂಶೋಧನೆ, ನಾವೀನ್ಯ, ವಿಸ್ತರಣೆ ಸೇರಿದ ಮೂರನೇ ಮಾನದಂಡಕ್ಕೆ ವಿಶ್ವವಿದ್ಯಾಲಯಗಳಿಗೆ 250, ಸ್ವಾಯತ್ತ ಕಾಲೇಜುಗಳಿಗೆ 150, ಸಂಯೋಜಿತ ಪದವಿ ಕಾಲೇಜುಗಳಿಗೆ 110. ವಿಶ್ವವಿದ್ಯಾಲಯದ 250ರಲ್ಲಿ ಪ್ರಕಟಣೆ ಮತ್ತು ಪ್ರಶಸ್ತಿಗೇ 100, ವಿಸ್ತರಣೆಗೆ 40. 2024ರಲ್ಲಿ ನ್ಯಾಕ್ ಹೊಸ ಪದ್ಧತಿ ಪ್ರಕಟಿಸಿದೆ. ಆದ್ದರಿಂದ ನಿಮಗೆ ಅನ್ವಯಿಸುವ ಕೈಪಿಡಿಯನ್ನೇ ಎದುರಿಗಿಟ್ಟುಕೊಳ್ಳಿ. ಅಂಕ ಹೇಗೇ ಬದಲಾದರೂ ಪುರಾವೆ ಇಡುವ ಕ್ರಮ ಬದಲಾಗುವುದಿಲ್ಲ.

ಇಡೀ ಸಂಸ್ಥೆಗೆ ಒಂದೇ ಎಕ್ಸೆಲ್ ಕಡತ ಇರಲಿ. ವಿಭಾಗಕ್ಕೊಂದು ಕಡತ ಮಾಡಿದರೆ ಜಂಟಿಯಾಗಿ ಬರೆದ ಲೇಖನ ಎರಡು ಕಡೆ ಎಣಿಕೆಯಾಗುತ್ತದೆ. ರಸಾಯನಶಾಸ್ತ್ರದವರೂ ಜೈವಿಕ ತಂತ್ರಜ್ಞಾನದವರೂ ಸೇರಿ ಬರೆದದ್ದು ಸಂಸ್ಥೆಗೆ ಒಂದೇ. ಲೇಖನದ ಶೀರ್ಷಿಕೆ, ಲೇಖಕರು, ವಿಭಾಗ, ಪತ್ರಿಕೆ, ವರ್ಷ, ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ), ಡಿಒಐ (ಲೇಖನದ ಶಾಶ್ವತ ಡಿಜಿಟಲ್ ಗುರುತು), ಲೇಖನದ ನೇರ ಲಿಂಕ್ ಇಷ್ಟೂ ಕಲಂ ಬೇಕು. ತುಂಬುವ ಮುನ್ನ ಐಎಸ್‌ಎಸ್‌ಎನ್, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕಲಂಗಳನ್ನು ‘ಟೆಕ್ಸ್ಟ್’ ಮಾದರಿಗೆ ಬದಲಿಸಿ. ಇಲ್ಲದಿದ್ದರೆ ಅಡ್ಡಗೆರೆ ಇಲ್ಲದೆ ಬರೆದ ಎಂಟಂಕಿಯ ಐಎಸ್‌ಎಸ್‌ಎನ್‌ನ ಮೊದಲ ಸೊನ್ನೆಯನ್ನು ಎಕ್ಸೆಲ್ ನುಂಗಿಬಿಡುತ್ತದೆ, 13 ಅಂಕಿಯ ಐಎಸ್‌ಬಿಎನ್ 9.78ಇ+12 ಎಂದು ಕಾಣುತ್ತದೆ. ಐಎಸ್‌ಎಸ್‌ಎನ್ ಕೊನೆಯಲ್ಲಿ ಎಕ್ಸ್ ಅಕ್ಷರ ಬರಬಹುದು, ತಪ್ಪೆಂದು ಅಳಿಸಬೇಡಿ. ವರ್ಷದ ವಿಷಯದಲ್ಲೂ ಎಚ್ಚರ ಬೇಕು: ಕ್ಯಾಲೆಂಡರ್ ವರ್ಷವೋ, ಶೈಕ್ಷಣಿಕ ವರ್ಷವೋ, ಹಣಕಾಸು ವರ್ಷವೋ ಎಂದು ಪ್ರತಿ ಅಂಶಕ್ಕೂ ಕೈಪಿಡಿ ನೋಡಿ, ಎಲ್ಲ ವಿಭಾಗಕ್ಕೂ ಒಂದೇ ಸೂಚನೆ ಕೊಡಿ.

ಅತಿ ಹೆಚ್ಚು ನಷ್ಟವಾಗುವುದು ಹೆಸರಿನಲ್ಲಿ. ಸಂಶೋಧನಾ ಲೇಖನಗಳ ದತ್ತಸಂಚಯಗಳಾದ ಸ್ಕೋಪಸ್, ವೆಬ್ ಆಫ್ ಸೈನ್ಸ್ ಲೇಖನವನ್ನು ಸಂಸ್ಥೆಯ ಲೆಕ್ಕಕ್ಕೆ ಸೇರಿಸುವುದು ಲೇಖಕರು ಕೊಟ್ಟ ವಿಳಾಸ ನೋಡಿ. ಸಂಸ್ಥೆಗಳಿಗೆ ರಾಷ್ಟ್ರೀಯ ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್ ಕೂಡ ಪ್ರಕಟಣೆಯ ಲೆಕ್ಕ ತೆಗೆದುಕೊಳ್ಳುವುದು ಇಂಥ ದತ್ತಾಂಶದಿಂದಲೇ. ಊರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಶಿಮೊಗಾ ಹೋಗಿ ಶಿವಮೊಗ್ಗ ಆಯಿತು. ಹಳೆಯ ಲೇಖನಗಳಲ್ಲಿ ಹಳೆಯದೇ ಇದೆ. ಒಬ್ಬರು ವಿಶ್ವವಿದ್ಯಾಲಯದ ಹೆಸರು ಬರೆದರೆ ಇನ್ನೊಬ್ಬರು ಕ್ಯಾಂಪಸ್ಸಿನ ಹೆಸರು ಮಾತ್ರ, ಮತ್ತೊಬ್ಬರು ವಿಭಾಗದ ಹೆಸರು ಮಾತ್ರ ಬರೆಯುತ್ತಾರೆ. ಸಂಸ್ಥೆಯ ಹೆಸರು, ಊರು, ಪಿನ್‌ಕೋಡ್ ಸೇರಿದ ಒಂದೇ ಸಾಲನ್ನು ಸುತ್ತೋಲೆ ಹೊರಡಿಸಿ ನಿಗದಿ ಮಾಡಿ, ಪಿಎಚ್‌.ಡಿ. ವಿದ್ಯಾರ್ಥಿಗಳಿಗೂ ಅದೇ ಸಾಲು. ಹಳೆಯ ಕಾಗುಣಿತಗಳಲ್ಲೆಲ್ಲ ಹುಡುಕಿ, ಚದುರಿದ ಲೇಖನಗಳನ್ನು ಒಂದೇ ಸಂಸ್ಥೆಯ ಪುಟಕ್ಕೆ ಸೇರಿಸುವಂತೆ ಸ್ಕೋಪಸ್‌ಗೆ ಮನವಿ ಕಳಿಸಿ. ವ್ಯಕ್ತಿಯ ಹೆಸರಿನದೂ ಇದೇ ತೊಂದರೆ. ನಮ್ಮಲ್ಲಿ ಊರು, ತಂದೆಯ ಹೆಸರುಗಳು ಇನಿಷಿಯಲ್ ಆಗಿ ಮುಂದೆ ಬರುತ್ತವೆ, ಪತ್ರಿಕೆಗಳು ಕೊನೆಯ ಪದವನ್ನು ಮನೆತನದ ಹೆಸರೆಂದು ಹಿಡಿಯುತ್ತವೆ. ಒಬ್ಬರೇ ಅಧ್ಯಾಪಕರು ಮೂರು ಪ್ರೊಫೈಲ್‌ಗಳಾಗಿ ಒಡೆಯುವುದು ಹೀಗೆ. ಎಲ್ಲರೂ 16 ಅಂಕಿಯ ಆರ್ಕಿಡ್ (ಸಂಶೋಧಕರ ಗುರುತಿನ ಸಂಖ್ಯೆ) ಮಾಡಿಸಿ, ಲೇಖನ ಕಳಿಸುವಾಗಲೇ ನಮೂದಿಸಲಿ.

ಪತ್ರಿಕೆಯ ಗುಣಮಟ್ಟಕ್ಕೆ ಈಗ ಸಂಸ್ಥೆಯೇ ಹೊಣೆ. ಅಂಗೀಕೃತ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ಪಟ್ಟಿ ಇದ್ದಾಗ ಪ್ರಕಟವಾದ ಲೇಖನಕ್ಕೆ ಅಂದಿನ ಪಟ್ಟಿಯ ಪುಟದ ಪಿಡಿಎಫ್ ಇದ್ದರೆ ಜೋಪಾನ ಮಾಡಿ. ಹೊಸ ಲೇಖನಕ್ಕೆ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಪತ್ರಿಕೆಯ ಹೆಸರು ತಾಳೆ ಹಾಕಿ, ಡಿಒಐ ಒತ್ತಿದರೆ ಅದೇ ಲೇಖನ ತೆರೆಯುತ್ತದೆಯೇ ನೋಡಿ. ಮೂರೇ ದಿನದಲ್ಲಿ ಸ್ವೀಕಾರ, ಕೂಡಲೇ ಹಣದ ಬೇಡಿಕೆ ಬಂದರೆ ಅಲ್ಲಿಗೇ ಬಿಡಿ. ಹೆಸರಾಂತ ಪತ್ರಿಕೆಯ ನಕಲಿ ಜಾಲತಾಣಗಳೂ ಇವೆ. ಹಿಂಪಡೆದ ಲೇಖನಗಳಿಗೆ ಎನ್‌ಐಆರ್‌ಎಫ್ 2025ರಿಂದ ಅಂಕ ಕಳೆಯುತ್ತಿದೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಪಟ್ಟಿಯನ್ನು ಪೂರ್ತಿ ಪರಿಶೀಲಿಸಿ. ಸಂಖ್ಯೆ ಹೆಚ್ಚಿಸಲೆಂದು ಕಳಪೆ ಲೇಖನ ತುಂಬುವುದು ಪ್ರಾಮಾಣಿಕವಾಗಿ ದುಡಿದ ಸಹೋದ್ಯೋಗಿಗೆ ಮಾಡುವ ಅನ್ಯಾಯ.

ಅನುದಾನಕ್ಕೆ ಮಂಜೂರಾತಿ ಪತ್ರವೇ ಪುರಾವೆ: ಪ್ರಧಾನ ಸಂಶೋಧಕರ ಹೆಸರು, ಸಂಸ್ಥೆ, ಮೊತ್ತ, ದಿನಾಂಕ ಅದರಲ್ಲಿರಬೇಕು. ಲಕ್ಷದಲ್ಲಿ ಕೇಳಿದ ಕಡೆ ರೂಪಾಯಿಯಲ್ಲಿ ಬರೆಯುವ ತಪ್ಪು ಆಗಾಗ ನಡೆಯುತ್ತದೆ. ಸಲಹಾ ಸೇವೆಯ ಆದಾಯಕ್ಕೆ ಆಡಿಟ್ ಆದ ಲೆಕ್ಕಪತ್ರ ಬೇಕು. ಪೇಟೆಂಟ್ ಅರ್ಜಿ ಪ್ರಕಟವಾಗುವುದೂ ಪೇಟೆಂಟ್ ಸಿಗುವುದೂ ಬೇರೆ. ವಿನ್ಯಾಸ ನೋಂದಣಿಯಂತೂ ಪೇಟೆಂಟೇ ಅಲ್ಲ.

ವಿಸ್ತರಣೆಯಲ್ಲಿ ಮಲೆನಾಡಿನ ಸಂಸ್ಥೆಗಳಿಗೆ ಹೇಳಿಕೊಳ್ಳಲು ಬೇಕಾದಷ್ಟಿದೆ. ಅಡಿಕೆ ಕೊಳೆರೋಗ, ಎಲೆಚುಕ್ಕೆ ರೋಗ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವೆಲ್ಲ ಇಲ್ಲಿಯದೇ ವಿಷಯಗಳು. ಆದರೆ ದಾಖಲೆಯಲ್ಲಿ ‘ಜಾಗೃತಿ ಕಾರ್ಯಕ್ರಮ ನಡೆಯಿತು’ ಎಂದಷ್ಟೇ ಇರುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೊ ದ್ರಾವಣ ತಯಾರಿಸುವ ಪ್ರಾತ್ಯಕ್ಷಿಕೆ ಕೊಟ್ಟಿದ್ದರೆ ಹಳ್ಳಿ, ದಿನಾಂಕ, ಸಹಭಾಗಿ ಸಂಸ್ಥೆಯ ಪತ್ರ, ವಿದ್ಯಾರ್ಥಿಗಳ ಸಹಿ ಪಟ್ಟಿ, ಜಿಯೊಟ್ಯಾಗ್ (ತೆಗೆದ ಸ್ಥಳದ ಮಾಹಿತಿ) ಇರುವ ಫೋಟೊ ಇಷ್ಟನ್ನೂ ಅದೇ ವಾರ ಸೇರಿಸಿ. ಜಿಯೊಟ್ಯಾಗ್ ಫೋಟೊವನ್ನು ವಾಟ್ಸ್ಯಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಕಡತವನ್ನೇ ಪಡೆಯಿರಿ. ಕನ್ನಡ ಪತ್ರಿಕಾ ವರದಿ, ಪಂಚಾಯಿತಿ ಪತ್ರಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ಮುಖ್ಯಸ್ಥರ ಸಹಿ ಹಾಕಿಸಿ.

ಕಾಗದದ ಕಡತಗಳನ್ನು ಮುಂಗಾರಿಗೆ ಮೊದಲೇ, ಅಂದರೆ ಮೇ ಮುಗಿಯುವುದರೊಳಗೆ ಸ್ಕ್ಯಾನ್ ಮಾಡಿ. ಜುಲೈನ ತೇವಕ್ಕೆ ಕಡತಗಳು ಬೂಸ್ಟು ಹಿಡಿದು ಹಾಳೆಗಳು ಅಂಟಿಕೊಳ್ಳುತ್ತವೆ, ಶಾಯಿಯ ಸಹಿ ಹರಡುತ್ತದೆ. ಸಾಮಾನ್ಯ ಪತ್ರಕ್ಕೆ 200 ಡಿಪಿಐ, ಮಸುಕಾದ ಸಹಿ, ಮುದ್ರೆಗೆ 300 ಸಾಕು.

ಎಸ್‌ಎಸ್‌ಆರ್ ಹೋದ ಮೇಲೆ ಡಿವಿವಿ (ಕೊಟ್ಟ ದತ್ತಾಂಶದ ಪರಿಶೀಲನೆ) ಪ್ರಶ್ನೆ ಬರುತ್ತದೆ. ಲಿಂಕ್ ಪತ್ರಿಕೆಯ ಮುಖಪುಟಕ್ಕೆ ಹೋಗುತ್ತದೆ, ಗೂಗಲ್ ಡ್ರೈವ್ ಅನುಮತಿ ಕೇಳುತ್ತದೆ, ಒಡಂಬಡಿಕೆ ಇದೆ ಆದರೆ ಅದರಡಿ ನಡೆದ ಚಟುವಟಿಕೆಯ ವರದಿ ಇಲ್ಲ — ಹೆಚ್ಚಿನ ಕಡಿತ ಇಂಥವುಗಳಿಂದಲೇ. ದಾಖಲೆಗಳನ್ನು ಸಂಸ್ಥೆಯ ಜಾಲತಾಣದಲ್ಲೇ ಇಟ್ಟು, ಪ್ರತಿ ಲಿಂಕನ್ನೂ ಕ್ಯಾಂಪಸ್ಸಿನ ಹೊರಗಿನ ಫೋನಿನಿಂದ, ಲಾಗಿನ್ ಆಗದೆ ತೆರೆದು ನೋಡಿ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ; ನೂರು ಪುಟದ ಹೆಚ್ಚುವರಿ ಕಡತ ಜೋಡಿಸಿದರೆ ಬೇಕಾದ ಒಂದು ಪುಟ ಅದರಲ್ಲೇ ಮುಚ್ಚಿಹೋಗುತ್ತದೆ. ಅಪ್‌ಲೋಡನ್ನು ಕೊನೆಯ ರಾತ್ರಿಗೆ ಉಳಿಸಬೇಡಿ, ಮಳೆಗಾಲದಲ್ಲಂತೂ ಗಡುವಿಗೆ ಐದು ದಿನ ಮೊದಲೇ ಮುಗಿಸಿ. ಕರೆಂಟ್ ಹೋಯಿತೆಂದು ಪೋರ್ಟಲ್ ಕಾಯುವುದಿಲ್ಲ.